ತರಂಗ ಪಾಠಕ್ಕೆ ಒದಗಿದ ರೇಡಿಯೊ ಅಧಿಕಾರಿ

ಒಂಬತ್ತನೆಯ ತರಗತಿಯ 'ಶಬ್ದ' ಘಟಕದಲ್ಲಿ ಜವ = ತರಂಗದೂರ × ಆವೃತ್ತಿ ಎಂಬ ಸೂತ್ರವಿದೆ. ಮಕ್ಕಳು ಲೆಕ್ಕವನ್ನೇನೋ ಬಿಡಿಸುತ್ತಾರೆ; ಇದರಿಂದ ಯಾರಿಗೆ ಏನು ಉಪಯೋಗ ಎಂದರೆ ಸುಮ್ಮನಾಗುತ್ತಾರೆ. ಅಭ್ಯಾಸ ಬೋಧನೆಯಲ್ಲಿ ಈ ಸೂತ್ರದ ಅನ್ವಯಕ್ಕೆ ನಾನು ಆರಿಸಿಕೊಂಡದ್ದು ಈಗ ಇಲ್ಲದ ಒಂದು ಉದ್ಯೋಗ: 1920–30ರ ದಶಕಗಳ ಪ್ರಯಾಣಿಕ ವಿಮಾನದ ರೇಡಿಯೊ ಅಧಿಕಾರಿಯದು. ರೇಡಿಯೊ ತರಂಗ ಶಬ್ದ ತರಂಗವಲ್ಲ, ಅದಕ್ಕೆ ಮಾಧ್ಯಮ ಬೇಡ ಎಂದು ಮೊದಲೇ ಹಲಗೆಯ ಮೇಲೆ ಬರೆದಿಟ್ಟೆ. ಇಲ್ಲದಿದ್ದರೆ ಉದಾಹರಣೆಯೇ ತಪ್ಪು ಕಲ್ಪನೆಗೆ ದಾರಿ ಮಾಡೀತು.

ಯುರೋಪಿನ ವಿಮಾನಗಳು ಆಗ ಬಳಸುತ್ತಿದ್ದದ್ದು ಸುಮಾರು 900 ಮೀಟರ್ ತರಂಗದೂರ. ಬೆಳಕಿನ ಜವವನ್ನು ಅದರಿಂದ ಭಾಗಿಸಲು ಹೇಳಿದೆ. ಸುಮಾರು 333 ಕಿಲೋಹರ್ಟ್ಸ್ ಬಂತು. ಅಷ್ಟು ಉದ್ದದ ತರಂಗಕ್ಕೆ ಗಿಡ್ಡ ಆಂಟೆನಾ ಸಾಲದು. ಹಾಗಾಗಿ ವಿಮಾನ ಮೇಲೇರಿದ ಮೇಲೆ, ತುದಿಗೆ ಭಾರ ಕಟ್ಟಿದ ಹತ್ತಾರು ಮೀಟರ್ ತಂತಿಯನ್ನು ಅಧಿಕಾರಿ ಕೆಳಕ್ಕೆ ಬಿಡುತ್ತಿದ್ದ, ಇಳಿಯುವ ಮುನ್ನ ಸುತ್ತಿಕೊಳ್ಳುತ್ತಿದ್ದ. "ಗಾಳಿಪಟದ ಬಾಲಂಗೋಚಿ ಥರ ಅಲ್ವಾ ಸರ್?" ಎಂದ ಹಿಂದಿನ ಬೆಂಚಿನವನೊಬ್ಬ. ನನ್ನ ಚಿತ್ರಪಟಕ್ಕಿಂತ ಆ ಮಾತೇ ಚೆನ್ನಾಗಿ ಕೆಲಸ ಮಾಡಿತು.

ಅಧಿಕಾರಿ ಮೋರ್ಸ್ ಕೀಲಿ ಒತ್ತಿ ಸಂಕೇತ ಕಳಿಸಿದರೆ, ಇಂಗ್ಲೆಂಡಿನಲ್ಲಿ ಕ್ರಾಯ್ಡನ್, ಲಿಮ್, ಪುಲ್‌ಹಮ್ ಕೇಂದ್ರಗಳು ಅದು ಬಂದ ದಿಕ್ಕನ್ನು ಅಳೆಯುತ್ತಿದ್ದವು. ಭೂಪಟದ ಮೇಲೆ ಆ ರೇಖೆಗಳು ಕೂಡುವಲ್ಲಿ ವಿಮಾನ. 'ನಿಮ್ಮಲ್ಲಿಗೆ ಬರಲು ಯಾವ ದಿಕ್ಕು ಹಿಡಿಯಲಿ?' ಎಂಬ ಇಡೀ ಪ್ರಶ್ನೆಗೆ ಕ್ಯೂ-ಡಿ-ಎಂ ಎಂಬ ಮೂರೇ ಅಕ್ಷರ. ಗುಂಪುಗಳಿಗೆ ಭೂಪಟ, ಕೋನಮಾಪಕ ಕೊಟ್ಟೆ. ಎರಡೇ ರೇಖೆ ಸಾಕಲ್ಲ, ಮೂರನೆಯದು ಯಾಕೆ ಎಂಬ ಪ್ರಶ್ನೆ ಒಬ್ಬ ಹುಡುಗಿಯಿಂದ ಬಂತು. ಉತ್ತರವನ್ನು ಮುಂದಿನ ಲೆಕ್ಕಕ್ಕೆ ಬಿಟ್ಟೆ.

1928ರ ಆಗಸ್ಟ್‌ನಲ್ಲಿ ಹವಾನಾದಿಂದ ಕೀ ವೆಸ್ಟ್‌ಗೆ ಹೊರಟ ಪ್ಯಾನ್ ಅಮೆರಿಕನ್ ವಿಮಾನ ದಾರಿ ತಪ್ಪಿ, ಇಂಧನ ಮುಗಿದು ಸಮುದ್ರಕ್ಕಿಳಿಯಿತು. ಒಬ್ಬ ಪ್ರಯಾಣಿಕ ಸತ್ತರು. ಅದರಲ್ಲಿದ್ದು ಬದುಕುಳಿದ ರೇಡಿಯೊ ತಜ್ಞ ಹ್ಯೂಗೊ ಲ್ಯೂಟರಿಟ್ಜ್ ಮುಂದೆ ಆ ಸಂಸ್ಥೆಗಾಗಿ ದಿಕ್ಕು ಪತ್ತೆಯ ಕೇಂದ್ರಗಳನ್ನು ರೂಪಿಸಿದರು. ಹವಾನಾ–ಕೀ ವೆಸ್ಟ್ ದೂರ ಸುಮಾರು 170 ಕಿ.ಮೀ. ಆ ತ್ರಿಜ್ಯದ ವೃತ್ತದ ಪರಿಧಿಯನ್ನು 360ರಿಂದ ಭಾಗಿಸಿದರೆ ಹತ್ತಿರ ಹತ್ತಿರ 3 ಕಿ.ಮೀ. ಅಂದರೆ ದಿಕ್ಕಿನಲ್ಲಿ 1 ಡಿಗ್ರಿ ತಪ್ಪಿದರೆ ಅಲ್ಲಿ 3 ಕಿ.ಮೀ. ಪಕ್ಕಕ್ಕೆ, 5 ಡಿಗ್ರಿಗೆ 15 ಕಿ.ಮೀ. ಆ ದ್ವೀಪದ ಉದ್ದವೋ ಆರೇಳು ಕಿ.ಮೀ. ಮಾತ್ರ. ಮೂರನೆಯ ರೇಖೆ ಯಾಕೆಂದು ಆಗ ಯಾರೂ ಮತ್ತೆ ಕೇಳಲಿಲ್ಲ.

ಕಥೆಗೆ ಸಮಯ ಹೆಚ್ಚಾಯಿತೆಂದು ವೀಕ್ಷಕ ಉಪನ್ಯಾಸಕರು ಬರೆದರು. ನನಗೆ ಹಾಗೆನಿಸುವುದಿಲ್ಲ. ಪರಿಧಿಯ ಸೂತ್ರ ಅವರಿಗೆ ಮೊದಲೇ ಗೊತ್ತಿತ್ತು. ವಿಜ್ಞಾನದ ಅವಧಿಯಲ್ಲಿ ಅದನ್ನು ಕೈಗೆತ್ತಿಕೊಂಡದ್ದು ಒಂದು ವಿಮಾನ ಕಾಣೆಯಾದಾಗ. ಬೇಕಾದರೆ ಕ್ರಾಯ್ಡನ್ ಭಾಗವನ್ನು ಮೊಟಕು ಮಾಡಬಹುದು.

ಧ್ವನಿ ಸಂಪರ್ಕವೂ ಹೊಸ ದಿಕ್ಕು ತೋರುವ ಉಪಕರಣಗಳೂ ಸುಧಾರಿಸಿದಂತೆ, ಎರಡನೆಯ ಮಹಾಯುದ್ಧದ ನಂತರ ಈ ಹುದ್ದೆ ಕ್ರಮೇಣ ಇಲ್ಲವಾಯಿತು. ಮನೆಗೆಲಸಕ್ಕೆ ಕೊಟ್ಟ ಪ್ರಶ್ನೆ: ತಪ್ಪು 2 ಡಿಗ್ರಿಯೇ ಇದ್ದು, ವಿಮಾನ ಕೇಂದ್ರದಿಂದ 85 ಕಿ.ಮೀ. ದೂರದಲ್ಲಿದ್ದರೆ, ಗುರಿ ಎಷ್ಟು ತಪ್ಪೀತು?