ಹೊಲದ ಚಿಟ್ಟಿಲಿಗಳ ವರ್ಣತಂತು ಭೇದವೂ ಜಾತಿ ನಿರ್ಣಯವೂ

ಸುಗ್ಗಿಯ ಕಾಲದಲ್ಲಿ ರಾಗಿಯ ಹೊಲದ ಬದುಗಳನ್ನಾಗಲಿ, ಬತ್ತದ ಗದ್ದೆಯ ಬದುಗಳನ್ನಾಗಲಿ ಅಗೆದು ನೋಡಿದರೆ ಹೆಬ್ಬೆರಳಿನ ಗಾತ್ರದ ಚಿಟ್ಟಿಲಿಗಳು ಅನೇಕ ವೇಳೆ ಕಾಣಬರುವುವು. ಇವುಗಳ ಬೆನ್ನು ಮಣ್ಣಿನ ಬಣ್ಣದ್ದು, ಹೊಟ್ಟೆ ಬೆಳ್ಳಗಿರುವುದು, ತೂಕವು ಸುಮಾರು 10 ಗ್ರಾಮುಗಳಷ್ಟು. ರೈತರು ಇವನ್ನೆಲ್ಲ ಒಂದೇ ಹೆಸರಿನಿಂದ ಕರೆಯುವರು; ಬಹುಕಾಲದವರೆಗೆ ಪಂಡಿತರಲ್ಲಿಯೂ ಅನೇಕರು ಹಾಗೆಯೇ ಕರೆದರು. ಆದರೆ ಒಂದೇ ಹೊಲದಲ್ಲಿ ಬಿಲ ಮಾಡಿಕೊಂಡು, ಒಂದೇ ತೆನೆಯನ್ನು ತಿಂದು ಬದುಕುವ ಈ ಪ್ರಾಣಿಗಳು ಒಂದು ಜಾತಿಯವಲ್ಲ, ಎರಡು ಜಾತಿಯವೆಂಬುದು ಅವುಗಳ ಮೈಯ ಅತಿ ಸೂಕ್ಷ್ಮವಾದ ತಂತುಗಳನ್ನು ಎಣಿಸಿ ಅಳೆದು ನೋಡಿದ ಮೇಲೆ ನಿಶ್ಚಯವಾಯಿತು.

ಇದು ವಿದ್ವಾಂಸರ ಕುತೂಹಲಕ್ಕೆ ಮಾತ್ರ ಸೇರಿದ ವಿಷಯವೆಂದು ಜಮೀನುದಾರರು ಭಾವಿಸಬಾರದು. ವಿಷದ ತಿನಿಸಿಗಾಗಿ ಹಣವನ್ನು ವ್ಯಯ ಮಾಡುವವನು ಅದನ್ನು ಯಾವ ಪ್ರಾಣಿಗೆ ಇಡುತ್ತಿರುವನೆಂಬುದನ್ನು ಅರಿತಿರಬೇಕು. ಬಿಲದ ರೀತಿ, ಮರಿ ಹಾಕುವ ಕಾಲ, ಹೊಸ ತಿನಿಸಿಗೆ ಬಾಯಿ ಹಾಕುವ ಅಥವಾ ಹೆದರುವ ಸ್ವಭಾವ ಇವೆಲ್ಲ ಜಾತಿಯಿಂದ ಜಾತಿಗೆ ಬೇರೆಯಾಗಬಹುದು. ಎರಡು ಜಾತಿಗಳನ್ನು ಒಂದೇ ಹೆಸರಿನ ಕೆಳಗೆ ಸೇರಿಸಿ ಬರೆದ ಲೆಕ್ಕವು ಎರಡಕ್ಕೂ ಸರಿಯಾಗಲಾರದು.

ದಖನಿನ ಹೊಲದಿಲಿಗಳ ಶಾಸ್ತ್ರೀಯ ಚರಿತ್ರೆಯು ಬಹುಮಟ್ಟಿಗೆ ಕನ್ನಡ ನಾಡಿನಲ್ಲಿಯೇ ಮೊದಲಾಯಿತೆಂಬುದು ಇಲ್ಲಿ ಸ್ಮರಣೀಯವಾಗಿದೆ. ಕಂಪೆನಿ ಸರಕಾರದ ಅಧಿಕಾರಿಯಾಗಿ ಧಾರವಾಡ ಸೀಮೆಯಲ್ಲಿದ್ದ ವಾಲ್ಟರ್ ಎಲಿಯಟ್ ಎಂಬಾತನು ಅಲ್ಲಿಯ ಪ್ರಾಣಿಗಳ ಪಟ್ಟಿಯೊಂದನ್ನು ದೇಶಭಾಷೆಯ ಹೆಸರುಗಳ ಸಹಿತವಾಗಿ ಬರೆದು, 1839ರಲ್ಲಿ ಮದರಾಸಿನ ಪತ್ರಿಕೆಯೊಂದರಲ್ಲಿ ಪ್ರಕಟಪಡಿಸಿದನು. ಆತನು ಸಂಗ್ರಹಿಸಿದ ಮಾದರಿಗಳ ಮೇಲಿಂದ ಲಂಡನ್ನಿನ ಬ್ರಿಟಿಷ್ ಮ್ಯೂಜಿಯಮ್ಮಿನ ಗ್ರೇ ಎಂಬ ಪಂಡಿತನು 1837ರಲ್ಲಿಯೇ ಕೆಲವು ಜಾತಿಗಳಿಗೆ ನಾಮಕರಣ ಮಾಡಿದ್ದನು. ಕನ್ನಡಿಗರ ಗುಲಾಂದಿಯು ಶಾಸ್ತ್ರದಲ್ಲಿ ಗೊಲುಂಡ ಎಂದಾಯಿತು. ವಡ್ಡರ ಮೆತ್ತಡೆಯು ಅಚ್ಚಿನಲ್ಲಿ ಮೆಲ್ಟಡ ಎಂಬ ರೂಪವನ್ನು ತಾಳಿತು. ಅವರ ಲೆಗ್ಗಡೆಯು ಲೆಗ್ಗಡ ಎಂಬ ಕುಲನಾಮವಾಯಿತು. ಮುಸ್ ಬೂದುಗ ಎಂದು ಇಂದಿಗೂ ಲೋಕದ ಪುಸ್ತಕಗಳಲ್ಲಿ ನಡೆಯುತ್ತಿರುವ ಸಣ್ಣ ಹೊಲದಿಲಿಯ ಮೂಲ ಮಾದರಿಯೂ ಅದೇ ಸೀಮೆಯದು. ಮಣ್ಣು ಅಗೆಯುವ ಕೆಲಸದಲ್ಲಿ ನಿಪುಣರಾದ ವಡ್ಡರು ಇಲಿಗಳನ್ನು ಬಿಲದ ರೀತಿಯಿಂದ ಗುರುತಿಸುತ್ತಿದ್ದರು. ಲೆಗ್ಗಡೆಯು ಕೆಂಪು ಗರಸು ನೆಲದಲ್ಲಿ ಸಣ್ಣ ಕಲ್ಲುಗಳನ್ನು ಕೂಡಿಹಾಕಿ ಅವುಗಳ ಮೇಲೆ ವಾಸಮಾಡುವುದೆಂಬ ಸಂಗತಿಯು ಎಲಿಯಟನ ಪಟ್ಟಿಯಲ್ಲಿಯೇ ದಾಖಲಾಗಿದೆ.

1912ರಲ್ಲಿ ವ್ರಾಟನ್ ಎಂಬಾತನು ಬೂದುಗವನ್ನು ಬಹಳವಾಗಿ ಹೋಲುವ ಮತ್ತೊಂದು ಚಿಟ್ಟಿಲಿಗೆ ಮುಸ್ ಡುನ್ನಿ ಎಂದು ಹೆಸರಿಟ್ಟನು. ಈಚಿನ ಪುಸ್ತಕಗಳು ಅದೇ ಇಲಿಯನ್ನು, ಅದಕ್ಕಿಂತ ಹಳೆಯದಾದ ಹೆಸರನ್ನು ಹಿಡಿದು, ಮುಸ್ ಟೆರಿಕಲರ್ ಎಂದು ಕರೆಯುತ್ತವೆ. ಮಣ್ಣಿನ ಬಣ್ಣದ್ದು ಎಂಬುದು ಅದರ ಅರ್ಥ. ರೋಮ, ಬಾಲ, ಕಾಲುಗಳ ಅಳತೆಯಿಂದ ಇವೆರಡನ್ನು ಬೇರ್ಪಡಿಸುವುದು ಕಷ್ಟ. ಹಲ್ಲುಗಳಲ್ಲಿ ಅಲ್ಪ ವ್ಯತ್ಯಾಸವಿದ್ದರೂ, ವಯಸ್ಸಾಗಿ ಹಲ್ಲು ಸವೆದ ಇಲಿಯಲ್ಲಿ ಅದನ್ನು ನಂಬುವಂತಿಲ್ಲ. ಇವು ನಿಜವಾಗಿಯೂ ಎರಡೇ, ಅಥವಾ ಒಂದೇ ಜಾತಿಯ ಎರಡು ಛಾಯೆಗಳೇ ಎಂಬ ಸಂದೇಹವು ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲ ಉಳಿದುಕೊಂಡಿತು.

ಪ್ರಾಣಿಗಳ ಮತ್ತು ಗಿಡಗಳ ಶರೀರವೆಲ್ಲ ಜೀವಕೋಶಗಳೆಂಬ ಸೂಕ್ಷ್ಮ ಕಣಗಳಿಂದ ಕಟ್ಟಲ್ಪಟ್ಟಿರುವುದು. ಒಂದು ಕೋಶವು ಎರಡಾಗುವ ಸಮಯದಲ್ಲಿ ಅದರ ಮಧ್ಯದ ಬೀಜದೊಳಗೆ ಕಡ್ಡಿಯಂಥ ಕೆಲವು ತಂತುಗಳು ಕಾಣಿಸಿಕೊಳ್ಳುವುವು. ಬಣ್ಣವನ್ನು ಚೆನ್ನಾಗಿ ಹೀರುವುದರಿಂದ ಇವಕ್ಕೆ ವರ್ಣತಂತುಗಳೆಂದು ಹೆಸರು. ತಂದೆತಾಯಿಗಳ ಗುಣಗಳು ಮರಿಗಳಿಗೆ ಬರುವುದು ಈ ತಂತುಗಳ ಮೂಲಕವಾಗಿಯೇ. ಇವು ಜೋಡಿಜೋಡಿಯಾಗಿರುವುವು, ಒಂದು ತಂದೆಯಿಂದ ಬಂದುದು, ಮತ್ತೊಂದು ತಾಯಿಯಿಂದ ಬಂದುದು. ಪ್ರತಿ ತಂತುವಿನಲ್ಲಿಯೂ ಇರುಕಾದ ಒಂದು ಗಂಟು ಉಂಟು. ಗಂಟು ತುದಿಯಲ್ಲಿದ್ದರೆ ತಂತುವಿಗೆ ಒಂದೇ ತೋಳು, ನಡುವೆ ಇದ್ದರೆ ಎರಡು ತೋಳು. ಮನೆಯ ಚಿಟ್ಟಿಲಿಯಲ್ಲಿ ಸಾಮಾನ್ಯವಾಗಿ 40 ತಂತುಗಳಿದ್ದು, ಎಲ್ಲವೂ ಒಂದೇ ತೋಳಿನವಾಗಿರುವುವು.

ಇವನ್ನು ನೋಡಬೇಕಾದರೆ ಇಲಿಯು ಜೀವಂತವಾಗಿ ಪ್ರಯೋಗಶಾಲೆಗೆ ತಲುಪಬೇಕು. ಕೋಶಗಳ ವಿಭಜನೆಯನ್ನು ನಡುವೆ ತಡೆಯುವ ಕಾಲ್ಚಿಸಿನ್ ಎಂಬ ಔಷಧವನ್ನು ಮೊದಲು ಚುಚ್ಚುವರು. (ನಮ್ಮ ಬೇಲಿಗಳಲ್ಲಿ ಹಬ್ಬುವ ಅಗ್ನಿಶಿಖೆಯ ಗಡ್ಡೆಯಲ್ಲಿಯೂ ಬೀಜದಲ್ಲಿಯೂ ಇರುವ ವಿಷವು ಇದೇ.) ಬಳಿಕ ತೊಡೆಯ ಎಲುಬಿನ ಮಜ್ಜೆಯನ್ನು ತೆಗೆದು, ತೆಳುವಾದ ಉಪ್ಪಿನ ನೀರಿನಲ್ಲಿ ಉಬ್ಬಿಸಿ, ಗಾಜಿನ ಹಲಗೆಯ ಮೇಲೆ ಹರಡಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡುವರು.

ಸ್ವಿಟ್ಜರ್ಲೆಂಡಿನ ಮಾಥೇ ಮತ್ತು ಫ್ರಾನ್ಸಿನ ಪೆತ್ತೆ ಎಂಬಿಬ್ಬರು ವಿದ್ವಾಂಸರು ಭಾರತದ ಬೂದುಗ ಗುಂಪಿನ ಇಲಿಗಳನ್ನು ಹೀಗೆ ಪರೀಕ್ಷಿಸಿ, ಅವುಗಳಲ್ಲಿ ಸ್ಪಷ್ಟವಾದ ಎರಡು ಜಾತಿಗಳಿವೆಯೆಂದು 1968ರಲ್ಲಿ ಪ್ರಕಟಿಸಿದರು. ಎರಡರಲ್ಲಿಯೂ ತಂತುಗಳ ಸಂಖ್ಯೆ 40. ಬರಿಯ ಎಣಿಕೆಯಿಂದ ಭೇದವು ಹೊರಬೀಳುತ್ತಿರಲಿಲ್ಲ. ತೋಳುಗಳ ಆಕಾರದಿಂದ ಹೊರಬಿದ್ದಿತು. ಬೂದುಗದ ತಂತುಗಳು ಒಂದೇ ತೋಳಿನವು. ಡುನ್ನಿಯಲ್ಲಿ, ಅಂದರೆ ಟೆರಿಕಲರಿನಲ್ಲಿ, ಲಿಂಗವನ್ನು ನಿರ್ಣಯಿಸುವ ಎಕ್ಸ್ ಎಂಬ ತಂತುವಿಗೆ ಎರಡನೆಯದೊಂದು ತೋಳು ಉಂಟು. ಅದು ಬಣ್ಣವನ್ನು ಗಾಢವಾಗಿ ಹೀರುವುದಾದರೂ, ಗುಣಗಳನ್ನು ಸಾಗಿಸುವ ವಂಶವಾಹಿಗಳು ಅದರಲ್ಲಿ ಬಹು ವಿರಳ.

ಕಾಶಿಯ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಶರ್ಮ ಮತ್ತು ಅವರ ಸಂಗಡಿಗರು 1970ರ ದಶಕದಿಂದ ಈ ಕೆಲಸವನ್ನು ಮುಂದುವರಿಸಿದರು. ಟೆರಿಕಲರಿನೊಳಗೇ ಮೂರು ಪಂಗಡಗಳಿರುವುದು ಅವರಿಗೆ ಕಂಡುಬಂದಿತು. ಒಂದನೆಯದರಲ್ಲಿ ಲಿಂಗತಂತುಗಳ ಹೊರತು ಉಳಿದವೆಲ್ಲ ಒಂದೇ ತೋಳಿನವು. ಎರಡನೆಯದರಲ್ಲಿ 1 ಮತ್ತು 3ನೆಯ ಜೋಡಿಗಳಿಗೂ, ಮೂರನೆಯದರಲ್ಲಿ 1, 3 ಮತ್ತು 6ನೆಯ ಜೋಡಿಗಳಿಗೂ ಅಂಥದೇ ಗಾಢವಾದ ಸಣ್ಣ ತೋಳು ಸೇರಿಕೊಂಡಿರುವುದು. ಎರಡನೆಯ ಮತ್ತು ಮೂರನೆಯ ಪಂಗಡಗಳು ದಕ್ಷಿಣ ದೇಶದವು. ಒಂದೊಂದು ಪಂಗಡದಲ್ಲಿಯೂ ಈ ಲಕ್ಷಣವು ಜೋಡಿಯ ಎರಡು ತಂತುಗಳಲ್ಲಿಯೂ ಸ್ಥಿರವಾಗಿ ನೆಲೆಗೊಂಡಿದೆ. ಹೊರಗಿನ ಆಕಾರದಲ್ಲಿ ಗುರುತು ಹತ್ತದಷ್ಟು ಸಮೀಪದ ಪ್ರಾಣಿಗಳು ಒಳಗೆ ಬೇರೆಬೇರೆ ದಾರಿಗಳನ್ನು ಹಿಡಿದಿರುವುದಕ್ಕೆ ಇದಕ್ಕಿಂತ ಉತ್ತಮವಾದ ನಿದರ್ಶನಗಳು ವಿರಳ.

ಹಾಗಾದರೆ ತಂತುಗಳ ಸಂಖ್ಯೆಯೇ ಜಾತಿಯ ಮುದ್ರೆಯೆಂದು ಹೇಳಬಹುದೇ? ಕೂಡದು. ಈ ತಪ್ಪಿಗೆ ವಿದ್ವಾಂಸರೂ ಕೆಲವು ವೇಳೆ ಒಳಗಾಗಿರುವರು. ಮೇಲೆ ಹೇಳಿದ ಕಲ್ಲು ಕೂಡಿಸುವ ಲೆಗ್ಗಡೆ, ಶಾಸ್ತ್ರದಲ್ಲಿ ಮುಸ್ ಪ್ಲಾಟಿತ್ರಿಕ್ಸ್, 26 ತಂತುಗಳ ಪ್ರಾಣಿ. ಸ್ವಿಟ್ಜರ್ಲೆಂಡಿನ ಪೋಸ್ಕಿಯಾವೋ ಎಂಬ ಕಣಿವೆಯ ಹೊಗೆಸೊಪ್ಪಿನ ಇಲಿಗೂ 26 ತಂತುಗಳೇ. ಇಬ್ಬರು ರೈತರ ಹಿಡುವಳಿಯು ಎಕರೆಯ ಲೆಕ್ಕದಲ್ಲಿ ಸಮನಾದ ಮಾತ್ರಕ್ಕೆ ಅವರು ದಾಯಾದಿಗಳಾಗುವರೇ? ತೋಳುಗಳನ್ನು ಎಣಿಸಿದರೆ ಗುಟ್ಟು ಹೊರಬೀಳುವುದು. ಸ್ವಿಟ್ಜರ್ಲೆಂಡಿನ ಇಲಿಯಲ್ಲಿ 7 ಜೋಡಿ, ಅಂದರೆ 14 ತಂತುಗಳು, ಎರಡು ತೋಳಿನವು. ಅವುಗಳ ತೋಳು 28. ಉಳಿದ 12 ತಂತುಗಳು ಒಂದೇ ತೋಳಿನವು. ಒಟ್ಟು 40. ಆದುದರಿಂದ ಇದು ಮನೆಯ ಚಿಟ್ಟಿಲಿಯೇ. ಅದರ 28 ತಂತುಗಳು ಎರಡೆರಡಾಗಿ ಗಂಟಿನ ಬಳಿ ಬೆಸೆದುಕೊಂಡಿವೆ, ಅಷ್ಟೆ. ಲೆಗ್ಗಡೆಯ 26 ತಂತುಗಳಾದರೋ ಒಂದೊಂದು ತೋಳಿನವು. ಅದರ ಚರಿತ್ರೆಯೇ ಬೇರೆ.

ಹೊಗೆಸೊಪ್ಪಿನ ಇಲಿಗೆ 1869ರಲ್ಲಿ ಫಾಶಿಯೋ ಎಂಬಾತನು ಪ್ರತ್ಯೇಕ ಜಾತಿಯ ಹೆಸರನ್ನು ಕೊಟ್ಟಿದ್ದನು. ಗ್ರೊಪ್ ಎಂಬ ಜರ್ಮನ್ ವೈದ್ಯನೂ ಆತನ ಸಂಗಡಿಗರೂ ಸುಮಾರು 1970ರಲ್ಲಿ ಅದರ ತಂತುಗಳನ್ನು ಎಣಿಸಿದಾಗ ಆ ಹೆಸರಿಗೆ ಬಲ ಬಂದಂತೆ ತೋರಿತು. ಆದರೆ ಮನೆಯ ಇಲಿಯೊಡನೆ ಕೂಡಿಸಿದರೆ ಇದು 33 ತಂತುಗಳ ಮರಿಗಳನ್ನು ಹಾಕುವುದು. ಆ ಮರಿಗಳು ಬಂಜೆಯಲ್ಲ, ಫಲವು ಮಾತ್ರ ಕಡಿಮೆ. ಬೆಸೆದ ತಂತು ಒಂದು, ಬಿಡಿ ತಂತು ಎರಡು ಜೋಡಿಯಾಗಬೇಕಾದ ಗೊಂದಲದಲ್ಲಿ ಅನೇಕ ಭ್ರೂಣಗಳು ಕೆಟ್ಟುಹೋಗುವುವು. ಈಗ ಇದನ್ನು ಮನೆಯ ಚಿಟ್ಟಿಲಿಯ ಒಂದು ಪಂಗಡವೆಂದೇ ಎಣಿಸುತ್ತಾರೆ. ಮದೀರಾ ಎಂಬ ಒಂದೇ ದ್ವೀಪದ ಕಡಿದಾದ ಕಣಿವೆಗಳಲ್ಲಿ ಇಂಥ ಆರು ಪಂಗಡಗಳಿರುವುವೆಂದು 2000ದಲ್ಲಿ ಪ್ರಕಟವಾಯಿತು. ಹೀಗಿರುವಲ್ಲಿ ಎಣಿಕೆಯು ಸಾಕ್ಷಿಗಳಲ್ಲಿ ಒಂದೇ ಹೊರತು ತೀರ್ಪಲ್ಲ.

ದೊಡ್ಡ ಇಲಿಗಳ ಸಂಗತಿಯೂ ಇದನ್ನೇ ಹೋಲುವುದು. ಜಪಾನಿನ ಯೋಸಿದಾ ಎಂಬ ಪಂಡಿತನು ಅನೇಕ ದೇಶಗಳ ಮನೆಯಿಲಿಗಳನ್ನು ತರಿಸಿ ನೋಡಿದನು. ಪೂರ್ವ ಏಷ್ಯದವಕ್ಕೆ 42, ಸಿಂಹಳದವಕ್ಕೆ 40, ಭಾರತದ ಸಾಮಾನ್ಯವಾದ ಮನೆಯಿಲಿಗೆ 38 ತಂತುಗಳೆಂದು ತಿಳಿದುಬಂದಿತು. ಇಲ್ಲಿ ಭೇದವು ಪಂಗಡದ ಮಟ್ಟವನ್ನು ದಾಟಿದೆ. 42 ತಂತುಗಳದನ್ನು ಈಗ ಬೇರೆ ಜಾತಿಯಾಗಿ ಲೆಕ್ಕಿಸುತ್ತಾರೆ. ನಮ್ಮ ಕೊಡಗಿನ ಕಾಫಿ ತೋಟಗಳ ಮತ್ತು ಕಾಡುಗಳ ಇಲಿಗಳಲ್ಲಿಯೂ ಹೀಗೆಯೇ ಎರಡು ಬೆರೆತಿದ್ದುವು. ಮನೆಯಿಲಿಯ ಒಂದು ಉಪಜಾತಿಯೆಂದು ಎಣಿಸಲ್ಪಟ್ಟಿದ್ದ ಸಾತಾರಾ ಇಲಿಯು ಸ್ವತಂತ್ರವಾದ ಜಾತಿಯೆಂದು, ಪಶ್ಚಿಮ ಘಟ್ಟಗಳಲ್ಲಿ ಮಾತ್ರ ಇರುವುದೆಂದು, ವರ್ಣತಂತು, ಡಿ.ಎನ್.ಎ., ಆಕಾರ ಮತ್ತು ವಾಸಸ್ಥಳ ಈ ನಾಲ್ಕನ್ನೂ ಕೂಡಿಸಿ ನೋಡಿ 2011ರಲ್ಲಿ ನಿರ್ಣಯಿಸಲಾಯಿತು. ಕಾಡಿನ ಈ ಪ್ರಾಣಿಯನ್ನು ತೋಟದ ಕಳ್ಳನೆಂದು ಕೊಲ್ಲುವುದು ಅನ್ಯಾಯವೂ ಹೌದು, ಹಣದ ನಷ್ಟವೂ ಹೌದು.

ಸಮೀಪದ ಜಾತಿಗಳ ನಡುವಣ ಗೋಡೆಯು ಪೂರ್ತಿ ಭದ್ರವಲ್ಲವೆಂಬುದಕ್ಕೆ ಯೂರೋಪಿನಿಂದ ಬಂದ ಒಂದು ವರ್ತಮಾನವು ವಿಷ ಕೊಳ್ಳುವ ಪ್ರತಿಯೊಬ್ಬ ಜಮೀನುದಾರನ ಗಮನಕ್ಕೆ ಬರಬೇಕಾದುದು. ಸ್ಪೇನ್ ಮತ್ತು ಉತ್ತರ ಆಫ್ರಿಕದ ಬಯಲುಗಳಲ್ಲಿ ಮುಸ್ ಸ್ಪ್ರೀಟಸ್ ಎಂಬ ಚಿಟ್ಟಿಲಿಯುಂಟು. ಅದಕ್ಕೂ ಮನೆಯ ಚಿಟ್ಟಿಲಿಗೂ ಸಮನಾಗಿ 40 ತಂತುಗಳು. ಆದರೂ ಜಾತಿಗಳು ಬೇರೆ. ಇವು ಅಪರೂಪವಾಗಿ ಕೂಡುವುವು, ಹುಟ್ಟುವ ಗಂಡುಗಳು ಬಹುಮಟ್ಟಿಗೆ ನಿಷ್ಫಲ. ಇಂಥ ಅಪರೂಪದ ಕೂಟದಿಂದಲೇ ವಾರ್ಫರಿನ್ ಮೊದಲಾದ, ರಕ್ತ ಹೆಪ್ಪುಗಟ್ಟದಂತೆ ಮಾಡುವ ವಿಷಗಳನ್ನು ತಡೆಯುವ ವಂಶವಾಹಿಯೊಂದು ಮನೆಯ ಇಲಿಗೆ ದಾಟಿತೆಂದೂ, ಸ್ಪ್ರೀಟಸ್ ಕಾಲಿಡದ ಜರ್ಮನಿಯವರೆಗೂ ಅದು ಹರಡಿತೆಂದೂ 2011ರಲ್ಲಿ ತಿಳಿದುಬಂದಿತು. ಒಂದೇ ಗುಂಪಿನ ವಿಷವನ್ನು ವರ್ಷವರ್ಷವೂ ಇಡುತ್ತ ಹೋದಂತೆ, ಅದನ್ನು ತಡೆದುಕೊಂಡ ಇಲಿಗಳೇ ಉಳಿದು ಹೆಚ್ಚುವುವು. ತಿನಿಸನ್ನು ತಿಂದರೂ ಇಲಿಯು ಸಾಯುತ್ತಿಲ್ಲವೆಂದು ಕಂಡುಬಂದರೆ ವಿಷದ ಪ್ರಮಾಣವನ್ನು ಹೆಚ್ಚಿಸುವುದಕ್ಕಿಂತ ಮುಂಚೆ ಪ್ರಾಣಿಯನ್ನು ಪರೀಕ್ಷೆಗೆ ಕಳುಹಿಸುವುದು ಲೇಸು.

ಹೀಗೆ ಕಳುಹಿಸುವವರು ಇಲಿಯ ಬಾಲವನ್ನೊಂದೇ ಕತ್ತರಿಸಿ ಕಳುಹಿಸಿದರೆ ಪ್ರಯೋಜನವು ಅತ್ಯಲ್ಪ. ಬೋನಿನಲ್ಲಿ ಹಿಡಿದ ಇಲಿಯನ್ನು ಸಾಧ್ಯವಾದರೆ ಜೀವಸಹಿತವಾಗಿ, ಕಾಳು ಮತ್ತು ಹಸಿ ತರಕಾರಿಯ ತುಂಡಿನೊಡನೆ, ಸಮೀಪದ ಕೃಷಿ ಸಂಶೋಧನಾ ಕೇಂದ್ರಕ್ಕೆ ತಲುಪಿಸತಕ್ಕದ್ದು. ಸತ್ತುದಾದರೆ ಇಡಿಯಾಗಿ, ಹೊಟ್ಟೆಯ ಚರ್ಮವನ್ನು ಸ್ವಲ್ಪ ಸೀಳಿ, ಸ್ಪಿರಿಟಿನಲ್ಲಿ ಮುಳುಗಿಸಿಡಬೇಕು. ಅದರಿಂದ ವರ್ಣತಂತುಗಳು ದೊರೆಯಲಾರವು, ಹಲ್ಲು ಮತ್ತು ಡಿ.ಎನ್.ಎ. ದೊರೆಯುವುವು. ಬರಿಗೈಯಿಂದ ಮುಟ್ಟಕೂಡದು, ಇಲಿಜ್ವರದ ರೋಗಾಣುಗಳು ಅವುಗಳ ಮೂತ್ರದಲ್ಲಿರಬಹುದು. ಹಿಡಿದ ದಿನ, ಗ್ರಾಮ, ಸರ್ವೆ ನಂಬರು, ನಿಂತ ಬೆಳೆ, ಬಿಲದ ಬಾಯಿ ಬದುವಿನಲ್ಲಿದ್ದಿತೇ ಹೊಲದ ನಡುವೆ ಇದ್ದಿತೇ, ಬಾಯಲ್ಲಿ ಮಣ್ಣಿನ ಗುಡ್ಡೆಯಿದ್ದಿತೇ ಕಲ್ಲುಗಳಿದ್ದುವೇ ಎಂಬುದನ್ನು ಚೀಟಿಯಲ್ಲಿ ಸೀಸದ ಕಡ್ಡಿಯಿಂದ ಬರೆದು ಜತೆಗೆ ಕಟ್ಟಬೇಕು. ಶಾಯಿಯು ಸ್ಪಿರಿಟಿನಲ್ಲಿ ಕರಗಿಹೋಗುವುದು.