ಸ್ಪೀಕರ್ ಬದಲಿಸುವ ಮೊದಲು ವೈರ್ ನೋಡಿ

ಬೆಂಗಳೂರಿನಲ್ಲಿ ಹತ್ತು ಹದಿನೈದು ವರ್ಷ ಓಡಿದ ಕಾರುಗಳು ಸೆಕೆಂಡ್‌ಹ್ಯಾಂಡ್ ಆಗಿ ರಾಮನಗರ, ಚನ್ನಪಟ್ಟಣ, ಕನಕಪುರದ ಕಡೆ ಬರುವುದು ಹೊಸದೇನಲ್ಲ. ಎಂಜಿನ್, ಟೈರು, ಇನ್ಶೂರೆನ್ಸ್ ಎಲ್ಲವನ್ನೂ ತಡಕಿ ನೋಡಿ ಕೊಳ್ಳುವವರು ಸ್ಟೀರಿಯೊ ಹಾಕಿ ನೋಡುವುದಿಲ್ಲ. ಕಾರು ಕೈಲಾಂಚದಂಥ ಊರು ಮುಟ್ಟಿದ ಮೇಲೆ ಎಡಬಾಗಿಲ ಸ್ಪೀಕರ್ ಮೂಕ ಎಂದು ಗೊತ್ತಾಗುತ್ತದೆ. ಪೇಟೆಗೆ ಹೋಗಿ ಹೊಸ ಸ್ಪೀಕರ್ ಹಾಕಿಸುತ್ತಾರೆ, ಅದೂ ಮೂಕ.

ಕಂಪನಿಯಿಂದಲೇ ಬಂದ ಸೆಟ್ ಇದ್ದರೆ ಮೊದಲು ಬ್ಯಾಲೆನ್ಸ್ ಮತ್ತು ಫೇಡರ್ ನೋಡಿ. ನಗಬೇಡಿ, ಮಕ್ಕಳು ಬಟನ್ ಒತ್ತಿ ಶಬ್ದವನ್ನೆಲ್ಲ ಒಂದೇ ಕಡೆಗೆ ತಳ್ಳಿರುವುದುಂಟು. ಸೆಟ್ಟೇ ಆನ್ ಆಗದಿದ್ದರೆ ಫ್ಯೂಸ್ ನೋಡಿ. ಕ್ಯಾಬಿನ್‌ನಲ್ಲಿ ಒಂದಿರುತ್ತದೆ, ಅನೇಕ ಸೆಟ್‌ಗಳ ಬೆನ್ನಿನಲ್ಲಿ ಇನ್ನೊಂದು, ಸಾಮಾನ್ಯವಾಗಿ 10 ಅಥವಾ 15 ಆಂಪಿಯರ್‌ನದು. ಬ್ಯಾಟರಿ ತೆಗೆದು ಹಾಕಿದ ಮೇಲೆ ಕೆಲವು ಸೆಟ್‌ಗಳು ಕೋಡ್ ಕೇಳುತ್ತವೆ. ಅಂದಾಜಿನ ಮೇಲೆ ಸಂಖ್ಯೆ ಒತ್ತುತ್ತಾ ಹೋದರೆ ಲಾಕ್ ಇನ್ನಷ್ಟು ಬಿಗಿಯಾಗುತ್ತದೆ. ಕಾರು ಕೊಳ್ಳುವಾಗಲೇ ಆರ್‌ಸಿ ಜೊತೆಗೆ ಆ ಕೋಡ್ ಚೀಟಿಯನ್ನೂ ಕೇಳಿ ಪಡೆಯಿರಿ.

ಇನ್ನು ಸೆಟ್ ಹೊರಗೆ ತೆಗೆಯಬೇಕು. ಅದಕ್ಕೆ ಮುಂಚೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಹಳದಿ ಕನೆಕ್ಟರ್ ಅಥವಾ ಹಳದಿ ಕವಚದೊಳಗಿನ ವೈರ್ ಕಂಡರೆ ಮುಟ್ಟಬೇಡಿ, ಅದು ಏರ್‌ಬ್ಯಾಗ್‌ನದು. ಸೆಟ್‌ನ ಪ್ಲಗ್ ಕಳಚಿ, ಮೂಕ ಸ್ಪೀಕರ್‌ನ ಎರಡು ವೈರ್‌ಗಳಿಗೆ 1.5 ವೋಲ್ಟ್‌ನ ಟಾರ್ಚ್ ಸೆಲ್ ಒಂದು ಕ್ಷಣ ತಾಗಿಸಿ. ‘ಟಪ್’ ಎಂದರೆ ಸ್ಪೀಕರ್ ಜೀವಂತ, ಅಲ್ಲಿಯವರೆಗಿನ ವೈರೂ ಸರಿ. ಸದ್ದಿಲ್ಲದಿದ್ದರೆ ಮಲ್ಟಿಮೀಟರ್ ಹಿಡಿಯಿರಿ. 4 ಓಮ್ ಸ್ಪೀಕರ್ ಮೂರರಿಂದ ನಾಲ್ಕರ ನಡುವೆ ತೋರಿಸಬೇಕು. ಏನೂ ತೋರಿಸದಿದ್ದರೆ ಬಾಗಿಲಿಗೂ ಕಂಬಕ್ಕೂ ನಡುವಿನ ರಬ್ಬರ್ ಕೊಳವೆಯನ್ನು ಜಾರಿಸಿ ನೋಡಿ. ದಿನವೂ ಬಾಗಿಲು ಮಡಚಿ ಮಡಚಿ ಅಲ್ಲಿನ ತಾಮ್ರದ ಎಳೆ ತುಂಡಾಗಿರುತ್ತದೆ, ಮೇಲಿನ ಪ್ಲಾಸ್ಟಿಕ್ ಮಾತ್ರ ಸರಿಯಾಗಿರುತ್ತದೆ. ಬಾಗಿಲು ತೆರೆದಾಗ ಹಾಡಿ ಮುಚ್ಚಿದಾಗ ನಿಲ್ಲುವ ಸ್ಪೀಕರ್‌ನ ಕಾಯಿಲೆ ಬಹುಪಾಲು ಇದೇ. ಸ್ಪೀಕರ್ ಬಿಚ್ಚಿದ್ದೇ ಆದರೆ ಬಾಗಿಲೊಳಗಿನ ಪ್ಲಾಸ್ಟಿಕ್ ಹಾಳೆಯನ್ನು ಹರಿಯದೆ ಮತ್ತೆ ಅಂಟಿಸಿ. ಗಾಜಿನ ಮೇಲಿಂದ ಇಳಿಯುವ ಮಳೆನೀರು ಕಾಗದದ ಕೋನ್‌ಗೆ ತಗುಲದಂತೆ ತಡೆಯುವುದು ಅದೇ.

ಈಗ ನಾನು ಈ ಲೇಖನ ಬರೆಯಲು ಕಾರಣವಾದ ತಪ್ಪು. ವೈರ್ ಎಲ್ಲಿ ತುಂಡಾಗಿದೆ ಎಂದು ಹುಡುಕಲು ಬೇಸರವಾದಾಗ ಕೆಲವರು ಸ್ಪೀಕರ್‌ನ ನೆಗೆಟಿವ್ ತುದಿಯನ್ನು ಹತ್ತಿರದ ಸ್ಕ್ರೂಗೆ ಸಿಕ್ಕಿಸಿ ಕಾರಿನ ಲೋಹದ ಬಾಡಿಗೆ ಅರ್ತಿಂಗ್ ಕೊಡುತ್ತಾರೆ. ಹಳೇ ಕಾಲದ ಕೆಲವು ಕ್ಯಾಸೆಟ್ ಪ್ಲೇಯರ್‌ಗಳಲ್ಲಿ ಅದು ನಡೆಯುತ್ತಿತ್ತು. ಸ್ಪೀಕರ್‌ಗೆ ಒಂದೇ ವೈರ್, ಇನ್ನೊಂದು ಬಾಡಿ. ಆ ಕೈರೂಢಿಯೇ ಉಳಿದುಕೊಂಡಿದೆ. ಈಚಿನ ಸೆಟ್‌ನೊಳಗಿನ ಆಂಪ್ಲಿಫಯರ್ ಐಸಿ ಪ್ರತಿ ಸ್ಪೀಕರನ್ನು ಗರಗಸ ಎಳೆಯುವ ಇಬ್ಬರಂತೆ ಎರಡೂ ತುದಿಯಿಂದ ನಡೆಸುತ್ತದೆ. ಹಾಗಾಗಿ ನೆಗೆಟಿವ್ ಎಂದು ಕರೆಸಿಕೊಳ್ಳುವ ವೈರ್‌ನಲ್ಲೂ ಬ್ಯಾಟರಿಯ ಅರ್ಧದಷ್ಟು, ಸುಮಾರು 6 ವೋಲ್ಟ್ ನಿಂತಿರುತ್ತದೆ. ಅದನ್ನು ಬಾಡಿಗೆ ಮುಟ್ಟಿಸುವುದೆಂದರೆ ಐಸಿಯ ಕತ್ತು ಹಿಸುಕುವುದು. ಒಳ್ಳೆಯ ಐಸಿಯಾದರೆ ತನ್ನನ್ನು ಕಾಪಾಡಿಕೊಳ್ಳಲು ಆಫ್ ಆಗುತ್ತದೆ: ವಾಲ್ಯೂಮ್ ಏರಿಸಿದೊಡನೆ ಹಾಡು ಕಡಿದು, ತಣಿದ ಮೇಲೆ ಮರಳುತ್ತದೆ. ಇಲ್ಲದಿದ್ದರೆ ಸುಟ್ಟೇ ಹೋಗುತ್ತದೆ.

ಹಿಂದಿನ ಮಾಲೀಕರು ಇಂಥದ್ದೇನಾದರೂ ಮಾಡಿಸಿದ್ದರೋ ತಿಳಿಯುವುದು ಸುಲಭ. ಪ್ಲಗ್, ಬ್ಯಾಟರಿ ಎರಡನ್ನೂ ಮತ್ತೆ ಜೋಡಿಸಿ, ಸೆಟ್ ಆನ್ ಮಾಡಿ ವಾಲ್ಯೂಮ್ ಸೊನ್ನೆಗಿಳಿಸಿ. ಮೀಟರ್‌ನ ಕಪ್ಪು ಕಡ್ಡಿ ಬಾಡಿಗೆ, ಕೆಂಪು ಕಡ್ಡಿ ಒಂದೊಂದೇ ಸ್ಪೀಕರ್ ವೈರ್‌ಗೆ. ಎರಡೂ ವೈರ್ ಸುಮಾರು 6 ತೋರಿಸಿದರೆ ಸರಿ. ಒಂದರಲ್ಲಿ ಮಾತ್ರ ಸೊನ್ನೆ ಬಂದರೆ ಅದು ಎಲ್ಲೋ ಬಾಡಿಗೆ ತಗುಲಿದೆ. ಬಾಡಿಗೆ ತಗುಲಿರದಿದ್ದರೂ ಎರಡರ ನಡುವೆ ಹಲವು ವೋಲ್ಟ್ ಡಿಸಿ ವ್ಯತ್ಯಾಸವಿದ್ದರೆ ಐಸಿಯೇ ಕೆಟ್ಟಿದೆ. ಹೊಸ ಸ್ಪೀಕರ್ ಹಾಕಿದರೆ ಅದನ್ನೂ ಸುಡುತ್ತದೆ. ಪ್ರತ್ಯೇಕ ಆಂಪ್ಲಿಫಯರ್ ಇರುವ ದೊಡ್ಡ ಕಾರುಗಳಿಗೆ ಈ ಅಳತೆ ಹೊಂದುವುದಿಲ್ಲ. ಅರ್ತಿಂಗ್ ಕೊಟ್ಟೇ ರಿಪೇರಿ ಮಾಡುತ್ತೇನೆ ಎನ್ನುವ ಅಂಗಡಿಯಿಂದ ಕಾರು ಹೊರಗೆ ತೆಗೆದುಕೊಂಡು ಬನ್ನಿ.

ಎಂಜಿನ್ ವೇಗದೊಂದಿಗೆ ಏರಿಳಿಯುವ ‘ಕುಂಯ್’ ಸದ್ದು ಆಲ್ಟರ್ನೇಟರ್‌ನದು: ಸೆಟ್‌ನ ಕಪ್ಪು ಅರ್ತ್ ವೈರ್ ಕೂರುವ ಜಾಗವನ್ನು ಕೆರೆದು ಬಿಗಿಗೊಳಿಸಿ. ಎಫ್‌ಎಂನಲ್ಲಿ ಮಾತ್ರ ಗರಗರ ಇದ್ದರೆ ಮೊದಲು ಅಗ್ಗದ ಮೊಬೈಲ್ ಚಾರ್ಜರ್ ಕಿತ್ತು ನೋಡಿ, ಆಮೇಲೆ ಏರಿಯಲ್‌ನ ಬುಡ. ನಮ್ಮ ಕಡೆಯ ಬಂಡೆಬೆಟ್ಟಗಳ ಮರೆಯಲ್ಲಿ ಬೆಂಗಳೂರಿನ 101.3 ಒಡೆಯುವುದು ಸಹಜ, ಅದಕ್ಕೆ ಸೆಟ್ ಹೊಣೆಯಲ್ಲ. ಅದೇ ಜಾಗದಲ್ಲಿ ಎಎಂನ 612 ಹಾಕಿ ನೋಡಿ. ಅದು ಸ್ವಚ್ಛವಾಗಿ ಕೇಳಿದರೆ ಏರಿಯಲ್ ಬದಲಿಸುವ ದುಡ್ಡು ಉಳಿಯಿತು.