ಪಂಪು ನಮ್ಮದು, ಸ್ವಿಚ್ಚು ಯಾರದು?

ಮೋಟೆಬೆನ್ನೂರಿನ ನಮ್ಮ ಮೆಣಸಿನ ಹೊಲದ ಬೋರಿಗೆ ಸೋಲಾರ್ ಪಂಪು ಕೂಡಿಸಿದ ವಾರದಲ್ಲೇ ಬೆಂಗಳೂರಿನಿಂದ ಕಂಪನಿಯ ಹುಡುಗ ಫೋನು ಮಾಡಿದ: "ಕಾಕಾ, ಇವತ್ತು ಪಂಪು ಎರಡ ತಾಸು ನಡದೈತಲ್ರೀ?"

ಇವನಿಗೆ ಹೇಗೆ ತಿಳಿಯಿತು? ಕಂಟ್ರೋಲರ್ ಪೆಟ್ಟಿಗೆಯೊಳಗೆ ಸಿಮ್ ಇದೆ. ಅದು ವರದಿ ಕಳಿಸುತ್ತದೆ. ವರದಿ ಹೋಗುವ ದಾರಿಯಲ್ಲೇ ಆಜ್ಞೆಯೂ ಬರಬಹುದು. ಆಗ ದೂರದಲ್ಲಿ ಕುಳಿತವರೂ ಪಂಪು ನಿಲ್ಲಿಸಬಹುದು.

ನನ್ನ ಪಂಪು ನಿಂತರೆ ಒಣಗುವುದು ಒಂದೇ ಹೊಲ. ಆದರೆ ಪಾವಗಡದ 2,050 ಮೆಗಾವಾಟ್ ಸೌರ ಪಾರ್ಕಿನಂಥ ಕಡೆ ಇನ್ವರ್ಟರುಗಳೆಲ್ಲ ಒಟ್ಟಿಗೇ ನಿಂತರೆ? ಉತ್ಪಾದನೆ, ಬಳಕೆ ಕ್ಷಣಕ್ಷಣವೂ ಸರಿದೂಗದಿದ್ದರೆ ಲೈನು ಟ್ರಿಪ್ಪಾಗಿ ಊರೂರೇ ಕತ್ತಲು.

ಇಂಥ ಅಪಾಯ ಕಂಡೇ ಕೇಂದ್ರ ವಿದ್ಯುತ್ ಸಚಿವಾಲಯ 2020ರ ಜುಲೈಯಲ್ಲಿ ಆಮದು ವಿದ್ಯುತ್ ಉಪಕರಣಗಳನ್ನು ಪರೀಕ್ಷಿಸಿಯೇ ಬಳಸಬೇಕೆಂದು ಆದೇಶಿಸಿತು. ಚೀನಾದ ಕೆಲವು ಇನ್ವರ್ಟರುಗಳಲ್ಲಿ ದಾಖಲೆಯಲ್ಲಿಲ್ಲದ ಸಂಪರ್ಕ ಸಾಧನಗಳು ಅಮೆರಿಕದ ತಜ್ಞರಿಗೆ ಸಿಕ್ಕವೆಂದು 2025ರ ಮೇನಲ್ಲಿ ರಾಯಿಟರ್ಸ್ ವರದಿ ಮಾಡಿತು.

ಪರದೇಶದ ಮಾಲೆಲ್ಲ ಕೆಟ್ಟದ್ದೆಂದಲ್ಲ. ಹಣ ಕೊಡುವ ಮುನ್ನ ನಾಲ್ಕು ಮಾತು ಕೇಳಿ:

1. ಕಂಟ್ರೋಲರ್ ತಯಾರಾದದ್ದು ಎಲ್ಲಿ?
2. ಮಾಹಿತಿ ಹೋಗುವುದು ಯಾವ ದೇಶಕ್ಕೆ?
3. ನೆಟ್‌ವರ್ಕ್ ಇಲ್ಲದಾಗ ಪಂಪು ನಡೆಯುತ್ತದೆಯೇ?
4. ಕಂಪನಿ ಇಟ್ಟ ಪಾಸ್‌ವರ್ಡ್ ಬದಲಿಸಬಹುದೇ?

ನಾನು ಇವನ್ನು ಕೇಳಿದ್ದು ಹಣ ಕೊಟ್ಟ ಮೇಲೆ. ನೀವು ಮೊದಲೇ ಕೇಳಿ, ಉತ್ತರವನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ.